ಭರತಿ ಇಲ್ಲ

ಅಕ್ಕೋರು ಕಾಫಿ ಊದುವಾಗ ಸದ್ದೇ ಬರುತ್ತಿರಲಿಲ್ಲ. ನಾವೆಲ್ಲ ಗಲ್ಲ ಉಬ್ಬಿಸಿ ಉಫ್ ಎಂದು ಊದುತ್ತೇವೆ. ಅವರು ಕೆಳತುಟಿಯನ್ನು ಒಂದಿಷ್ಟೇ ಮುಂದೆ ತಂದು ನೂಲಿನಷ್ಟು ಸಣ್ಣ ಗಾಳಿ ಬಿಡುತ್ತಿದ್ದರು. ಲೋಟದ ಮೇಲಿನ ನೊರೆ ಬೈತಲೆ ತೆಗೆದ ಹಾಗೆ ನಡುವೆ ಸೀಳಿ ಎರಡೂ ಕಡೆಗೆ ಸರಿಯುತ್ತಿತ್ತು. ರಬಾಳೆ ಸ್ಟೇಷನ್ನಿನ ಹೊರಗೆ ಇಷ್ಟು ವರ್ಷದಿಂದ ಹೋಟೆಲು ನಡೆಸುತ್ತಿದ್ದೇನೆ, ಕಾಫಿ ಕುಡಿಯುವವರ ನೂರು ನಮೂನೆ ನೋಡಿದ್ದೇನೆ, ಹಾಗೆ ಊದುವವರನ್ನು ಮಾತ್ರ ಇನ್ನೊಬ್ಬರನ್ನು ಕಂಡಿಲ್ಲ. ಅದು ಕಾಫಿಗಾಗಿ ಕಲಿತ ಊದುವಿಕೆಯಲ್ಲ, ಹಕ್ಕಿಯ ಎದೆಗಾಗಿ ಕಲಿತದ್ದು ಎಂದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು.

ಅವರು ಠಾಣೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಡೊಂಬಿವಲಿಯಲ್ಲಿ ಸಣ್ಣ ಫ್ಲ್ಯಾಟು. ಊರು ಗದಗಿನ ಕಡೆ. ನನ್ನದು ಹೆಬ್ರಿ. ಕನ್ನಡ ಒಂದೇ ಆದರೂ ಮೊದಮೊದಲು ಇಬ್ಬರ ಮಾತೂ ಅರ್ಧ ದಾರಿಯಲ್ಲೇ ಕಳೆದುಹೋಗುತ್ತಿತ್ತು. ನಮ್ಮೂರಿನ ರೂಢಿಯಲ್ಲಿ ಅವರು ‘ಟೀಚರ್’ ಆಗಬೇಕಿತ್ತು. ಆದರೆ ನನ್ನ ಹೋಟೆಲಿನಲ್ಲಿ ದೋಸೆ ಹುಯ್ಯುವವ ವಿಜಯಪುರದವ. ಅವರ ಮಾತಿನ ಧಾಟಿ ಕಿವಿಗೆ ಬಿದ್ದದ್ದೇ, ಆ ಕಡೆ ಶಾಲೆ ಕಲಿಸುವ ಹೆಂಗಸರನ್ನು ಕರೆಯುವ ಹಾಗೆ, “ಬರ್ರಿ ಅಕ್ಕೋರ” ಎಂದು ಕೈಮುಗಿದ. ನನಗೂ ಅದೇ ಬಾಯಿಗೆ ಬಂತು.

ಮೊದಲ ಸಲ ಬಂದಾಗ ನಾನು ಅವರನ್ನು ಬೈದಿದ್ದೆ. ಬೆಳಗಿನ ಹತ್ತರ ಹೊತ್ತು, ಆಗಷ್ಟೇ ನೆಲ ಒರೆಸಿ ಮುಗಿದಿತ್ತು. ಮೊಣಕಾಲವರೆಗೆ ಕೆಸರು ಮೆತ್ತಿದ ಗಮ್‌ಬೂಟು ಹಾಕಿ, ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಒಬ್ಬ ಹೆಂಗಸು ಸೀದಾ ಒಳಗೆ ನಡೆದುಬಂದರು. ಅದು ಖಾಡಿಯ ಕೆಸರು. ಖಾಡಿ ಎಂದರೆ ಸಮುದ್ರದ ನೀರು ದಿನಕ್ಕೆರಡು ಸಲ ಠಾಣೆಯವರೆಗೆ ನುಗ್ಗಿ ಹಿಂದೆ ಹೋಗುವ ಉಪ್ಪುಹೊಳೆ. ಅದರ ಕೆಸರಿಗೆ ಕೊಳೆತ ಮೊಟ್ಟೆಯ ನಾತ, ಜೊತೆಗೆ ನಮ್ಮ ಫ್ಯಾಕ್ಟರಿಗಳ ಎಣ್ಣೆ. ನಾನು ಹಿಂದಿಯಲ್ಲಿ ಬಾಯಿಗೆ ಬಂದದ್ದು ಅಂದೆ. ಅವರು ಕೌಂಟರಿನ ಮೇಲಿದ್ದ ಕನ್ನಡ ಪೇಪರು ನೋಡಿ, “ಇಷ್ಟ ಬೈಯೋರು ಕನ್ನಡದಾಗ ಬೈರಿ, ನನಗೂ ಛಂದ ತಿಳೀತದ” ಎಂದರು. ಆಮೇಲೆ ಬೂಟು ಹೊರಗೆ ಬಿಟ್ಟು, ಒರೆಸುವ ಬಟ್ಟೆ ಕೇಳಿ ಪಡೆದು, ತಾವು ತುಳಿದದ್ದನ್ನೆಲ್ಲ ತಾವೇ ಒರೆಸಿದರು. ನನ್ನ ಕೆಲಸದವರಿಗಿಂತ ಚೆನ್ನಾಗಿಯೇ ಒರೆಸಿದರು.

ಅವರಿಗೆ ಒಂದು ಚಟವಿತ್ತು, ತಿದ್ದುವುದು. ತಪ್ಪು ಮಾತು ಕಿವಿಗೆ ಬಿದ್ದರೆ ಬಾಯಲ್ಲಿ ಇಡ್ಲಿ ಇದ್ದರೂ ತಡೆಯುತ್ತಿರಲಿಲ್ಲ. ನನ್ನ ಬೋರ್ಡಿನ ಮೇಲಿನ ‘ದೊಸೆ’ಗೆ ದೀರ್ಘ ಎಳೆದದ್ದು ಅವರೇ, ಕುರ್ಚಿ ಹತ್ತಿ, ಸೀಮೆಸುಣ್ಣ ತಂದು. ರಾಜಹಂಸದ ಮೊಣಕಾಲು ಹಿಂದಕ್ಕೆ ಮಡಚುತ್ತದಲ್ಲ ಎಂದು ನಾನೊಮ್ಮೆ ಅಂದಾಗ, ಗಿರಾಕಿಗಳು ತುಂಬಿದ್ದ ಹೋಟೆಲಿನಲ್ಲಿ, ಅದು ಮೊಣಕಾಲಲ್ಲ ಹಿಮ್ಮಡಿಯ ಕೀಲು, ಮೊಣಕಾಲು ಮೇಲೆ ಪುಕ್ಕದೊಳಗೆ ಅಡಗಿರುತ್ತದೆ ಎಂದು ತಮ್ಮ ಕಾಲನ್ನೇ ಮಡಚಿ ತೋರಿಸಿದರು. ನನ್ನ ಮರಾಠಿಯನ್ನಂತೂ ದಿನಾ ಹಿಂಡುತ್ತಿದ್ದರು. ನೀರಿಗೆ ‘ಪಾನಿ’ ಅಂದರೆ ‘ಪಾಣಿ’ ಅನ್ನಿಸದೆ ಬಿಡುತ್ತಿರಲಿಲ್ಲ. ತಪ್ಪು ಮಾತು ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ, ತೆಗೆಯುವ ತನಕ ಅವರಿಗೆ ನೆಮ್ಮದಿ ಇಲ್ಲ ಎಂದು ನಾವೆಲ್ಲ ನಗುತ್ತಿದ್ದೆವು. ಈ ಒಂದು ಗುಣ ನೆನಪಾದಾಗಲೇ ನನಗೆ ಈಗಲೂ ಹೊಟ್ಟೆ ಉರಿಯುವುದು.

ಖಾಡಿಯ ದಂಡೆಗೆ ನನ್ನನ್ನು ಕರೆದುಕೊಂಡು ಹೋದದ್ದು ಒಂದು ಏಕಾದಶಿಯ ದಿನ. ಅಂದು ನನಗೂ ಉಪವಾಸ, ಹೋಟೆಲನ್ನು ನನ್ನ ತಮ್ಮ ನೋಡಿಕೊಂಡ. ಹೈವೇ ದಾಟಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂದಳದ ಪೊದೆಗಳ ನಡುವಿನ ಕಾಲುದಾರಿಯಲ್ಲಿ ಇಪ್ಪತ್ತು ನಿಮಿಷ ನಡೆದರೆ ಒಂದು ಹೊಂಡ. ಹಿಂದೆಂದೋ ಉಪ್ಪಿನ ಪಾತಿಗಳಿದ್ದ ಜಾಗವಂತೆ. ಆಚೆ ಕೆಸರು ಬಯಲು, ಅದರಾಚೆ ಖಾಡಿ. ಇಷ್ಟು ವರ್ಷ ಇಲ್ಲಿದ್ದೂ ನಾನು ಆ ಕಡೆ ತಲೆ ಹಾಕಿರಲಿಲ್ಲ. ಹೊಂಡದ ದಂಡೆಯ ಮೇಲೆ ಯಾರೋ ಬೂದುಬಣ್ಣದ ಗೋಣಿತಾಟು ಹಾಸಿದ ಹಾಗೆ ಕಂಡಿತು. ದುರ್ಬೀನು ಕೈಗೆ ಕೊಟ್ಟರು. ಗೋಣಿಗೆ ಕಣ್ಣುಗಳಿದ್ದವು! ಮುಷ್ಟಿಯಷ್ಟು ದೊಡ್ಡ ಹಕ್ಕಿಗಳು, ಸಾವಿರಗಟ್ಟಲೆ, ಒಂದಕ್ಕೊಂದು ಆತು, ಎಲ್ಲವೂ ಗಾಳಿಗೆ ಮುಖ ಮಾಡಿ ಒಂಟಿ ಕಾಲಿನಲ್ಲಿ ನಿಂತಿದ್ದವು.

ಇವು ಸೈಬೀರಿಯದಿಂದ ಬಂದವು ಎಂದರು. ನಾನು ನಗಾಡಿದೆ. ಸೈಬೀರಿಯದಿಂದ ಬರುವುದಕ್ಕೆ ಇದರಲ್ಲಿ ಏನು ಉಂಟು, ಅರ್ಧ ಇಡ್ಲಿಯ ತೂಕವೂ ಇಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ. ಅದಾಗಿ ಎರಡು ತಿಂಗಳಿಗೆ, ಹಕ್ಕಿಗಳ ಕಾಲಿಗೆ ಗುರುತಿನ ಬಳೆ ತೊಡಿಸುವ ಪರವಾನಗಿ ಇದ್ದ ತಂಡ ಬಂದಾಗ, ನನ್ನನ್ನೂ ಒಳಗೆ ಸೇರಿಸಿಕೊಂಡರು. ನಸುಕಿನಲ್ಲಿ ಬಲೆಗೆ ಬಿದ್ದ ಒಂದು ಉಲ್ಲಂಕಿಯನ್ನು, ಅಂದು ದಂಡೆಯ ಮೇಲೆ ಕಂಡ ಅದೇ ಪುಟ್ಟ ಹಕ್ಕಿಯನ್ನು, ಬಿಡಿಸಿ, ತೋರುಬೆರಳು ನಡುಬೆರಳಿನ ನಡುವೆ ಅದರ ಕತ್ತು ಇಟ್ಟು, ಬೆನ್ನು ಅಂಗೈಗೆ ಬರುವ ಹಾಗೆ ಹಿಡಿದರು. ನಾನು ನೋಡುತ್ತಿದ್ದಂತೆ ಕೆಳತುಟಿ ಮುಂದೆ ತಂದು ಅದರ ಎದೆಗೆ ಊದಿದರು. ಬಿಳಿ ಪುಕ್ಕ ಬೈತಲೆಯಾಗಿ ಸೀಳಿತು. ಅಡಿಯಲ್ಲಿ ಈರುಳ್ಳಿಯ ಒಳಪೊರೆಯಂಥ ಚರ್ಮ, ಚರ್ಮದಡಿಯಲ್ಲಿ ತುಪ್ಪ ಹೆಪ್ಪುಗಟ್ಟಿದ ಹಾಗೆ ಹಳದಿ ಕೊಬ್ಬು.

“ಇದು ಬುತ್ತಿ,” ಎಂದರು. “ನೀ ಪರಊರಿಗೆ ಹೊಂಟ್ರ ಬುತ್ತಿ ಗಂಟು ಕೈಯಾಗ ಹಿಡಿತಿ. ಇದು ತೊಗಲಿನ ಕೆಳಗ ಇಟಗೋತದ. ದಾರ್ಯಾಗ ಇದನ್ನ ಉರಿಸಿಕೋತನ ಹೋಗ್ತದ. ಉರಿದ್ರ ನೀರೂ ಅದರಾಗ ಹುಟ್ಟತದ, ಕುಡಿಲಿಕ್ಕೆ ಇಳಿಯೋ ಕಾರಣ ಇಲ್ಲ.”

ಆ ದಿನದಿಂದ ನಾನು ಹೋಟೆಲಿನವನ ಕಣ್ಣಿನಿಂದಲೇ ಹಕ್ಕಿಗಳನ್ನು ನೋಡತೊಡಗಿದೆ. ಹೊರಡುವ ತಿಂಗಳು ಬಂದರೆ ಅವುಗಳ ತಿನ್ನಾಟ ನೋಡಬೇಕು. ನೀರು ಇಳಿದದ್ದೇ ಕೆಸರಿಗೆ ಓಡಿ, ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೊಕ್ಕು ಕುಟ್ಟುತ್ತ, ಒಂದು ತಿಂಗಳಲ್ಲಿ ತೂಕ ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತವೆ. ಆ ಹೊತ್ತಿಗೆ ಹಾರುವ ಮಾಂಸಖಂಡವೂ ಗುಂಡಿಗೆಯೂ ದಪ್ಪವಾಗುತ್ತವಂತೆ. ಪುಪ್ಪುಸದಲ್ಲಿ ಗಾಳಿ ನಮ್ಮ ಹಾಗೆ ಒಳಗೆ ಹೋಗಿ ಅದೇ ದಾರಿಯಲ್ಲಿ ಹೊರಗೆ ಬರುವುದಿಲ್ಲವಂತೆ. ಒಂದೇ ದಿಕ್ಕಿಗೆ ಹರಿಯುತ್ತದೆ, ಉಸಿರು ಬಿಡುವಾಗಲೂ ಹೊಸ ಗಾಳಿ ಸಿಗುತ್ತದೆ. ಇದನ್ನೆಲ್ಲ ಅವರು ಕಾಫಿ ಆರುವ ತನಕ ಹೇಳುತ್ತಿದ್ದರು, ನಾನು ಗಲ್ಲೆಯಲ್ಲಿ ಕೂತು ಕೇಳುತ್ತಿದ್ದೆ. ಗಿರಾಕಿಗಳು ಚಿಲ್ಲರೆಗೆ ಕಾಯುತ್ತ ನಿಂತಿರುತ್ತಿದ್ದರು. ನನ್ನ ಹೆಂಡತಿ, ಅಕ್ಕೋರು ಬಂದ ದಿನ ನಿಮಗೆ ರೆಕ್ಕೆ ಬರುತ್ತದೆ, ಬುದ್ಧಿ ಮಾತ್ರ ಬರುವುದಿಲ್ಲ ಎನ್ನುತ್ತಿದ್ದಳು.

ಒಂದು ವಿಷಯ ಮಾತ್ರ ನನಗೆ ಒಗ್ಗಲಿಲ್ಲ. ದೂರದ ಹಾರಾಟದ ಕೆಲವು ಹಕ್ಕಿಗಳು ಹೊರಡುವ ಮೊದಲು ತಮ್ಮ ಹೊಟ್ಟೆ, ಕರುಳು, ಯಕೃತ್ತುಗಳನ್ನೇ ಕರಗಿಸಿ ಸಣ್ಣದು ಮಾಡಿಕೊಳ್ಳುತ್ತವಂತೆ. ದಾರಿಯಲ್ಲಿ ತಿನ್ನುವುದಿಲ್ಲವಾದ ಮೇಲೆ ಅವುಗಳ ಭಾರ ಹೊರುವುದೇಕೆ? ಮುಟ್ಟಿದ ಮೇಲೆ ಮತ್ತೆ ಬೆಳೆಸಿಕೊಂಡರಾಯಿತು. ಹೋಟೆಲಿನವನ ಎದುರು ಹೊಟ್ಟೆ ಕರಗಿಸುವ ಮಾತು ಆಡಬೇಡಿ ಅಕ್ಕೋರೇ, ನನ್ನ ಅನ್ನಕ್ಕೆ ಕಲ್ಲು ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ.

ಹೊಂಡ ಯಾಕೆ ಬೇಕು ಎಂಬುದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಖಾಡಿಯ ನೀರು ಇಳಿದಾಗ ಹಕ್ಕಿಗಳೆಲ್ಲ ಕೆಸರು ಬಯಲಿನಲ್ಲಿ ಮೇಯುತ್ತವೆ. ಆಗ ಹೊಂಡದಲ್ಲಿ ಅವುಗಳಲ್ಲಿ ಒಂದೂ ಇರುವುದಿಲ್ಲ. ನೀರು ಏರಿ ಕೆಸರು ಮುಳುಗಿದಾಗ ಅಷ್ಟೂ ಹಕ್ಕಿ ಎದ್ದು ಹೊಂಡಕ್ಕೆ ಬಂದು, ನೀರು ಮತ್ತೆ ಇಳಿಯುವ ತನಕ ಅಲ್ಲಿ ನಿಂತು ನಿದ್ದೆ ಮಾಡುತ್ತವೆ. ಸುತ್ತ ಎಲ್ಲ ಕಟ್ಟಡ, ಗೋಡೆ, ಕಾಂದಳ. ಅವುಗಳಿಗೆ ನಿಲ್ಲಲು ಬಯಲೇ ಬೇಕು. ಆ ಭಾಗದಲ್ಲಿ ಉಳಿದದ್ದು ಅದೊಂದೇ. ಆ ನಿದ್ದೆ ಸಿಗದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಹಾರಾಟದಲ್ಲೇ ಉರಿದುಹೋಗುತ್ತದೆ. ನಮ್ಮಿಬ್ಬರಿಗೂ ನೀರಿನ ಲೆಕ್ಕ ತಿಥಿಯ ಮೇಲೆ. ಏಕಾದಶಿ ದ್ವಾದಶಿಗೆ ಬೆಳಗಿನ ಹೊತ್ತು ತುಂಬುತ್ತದೆ, ಆಗ ಹೋಗುತ್ತಿದ್ದೆವು. ಹುಣ್ಣಿಮೆ ಅಮಾವಾಸ್ಯೆಗೆ ಬೆಳಿಗ್ಗೆ ತಳ ಕಾಣುತ್ತದೆ, ಮಧ್ಯಾಹ್ನ ತುಂಬುತ್ತದೆ. ಅಕ್ಕೋರು ಬಯಲುಸೀಮೆಯವರು, ಉಬ್ಬರ ಇಳಿತ ಎಂಬ ಪುಸ್ತಕದ ಮಾತು ಅವರಿಗೆ ಬೇಡ. “ನೀರು ಬಂತು, ನೀರು ಹೋತು” ಅಷ್ಟೇ. ನಾನೂ ಘಟ್ಟದ ಬುಡದವ, ಸಮುದ್ರದ ಮಾತು ನನಗೂ ಗೊತ್ತಿರಲಿಲ್ಲ.

ಅದೊಂದು ಮಾರ್ಚಿನಲ್ಲಿ ಅವರು ಒಂದು ಸಮೀಕ್ಷೆಯ ಕೆಲಸ ಬಂದಿದೆ ಎಂದರು. ಯಾವುದೋ ಖಾಸಗಿ ಕಚೇರಿ ಹೊಂಡದ ಹಕ್ಕಿಗಳನ್ನು ಎಣಿಸಿ ಕೊಡಲು ಕೇಳಿದೆ, ಮೂರು ಎಣಿಕೆ ಆಗಬೇಕು, ಪ್ರತಿ ಹಾಳೆಗೂ ಎರಡನೆಯ ವೀಕ್ಷಕನ ಸಹಿ ಬೇಕು. ಮೊದಲಾದರೆ ಅವರ ಹಳೆಯ ವಿದ್ಯಾರ್ಥಿಗಳು ಬರುತ್ತಿದ್ದರು. ಈ ಸಲ, ನೀನೇ ಬಾ ತಮ್ಮಾ ಎಂದರು. ನನಗೆ ಆದ ಹಿಗ್ಗು ಹೇಳಲಾರೆ. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು, ಊರಿಂದ ಬಂದು ಲೋಟ ತೊಳೆದವನಿಗೆ ವೀಕ್ಷಕ ಎಂಬ ಹೆಸರು! ಬೆಳಗಿನ ಏಳರ ನೂಕುನುಗ್ಗಲಿನಲ್ಲಿ, ಮೊದಲ ಪಾಳಿಯವರು ಬಾಗಿಲಲ್ಲಿ ನಿಂತಿರುವಾಗ, ಹೋಟೆಲು ಬಿಟ್ಟು ಹೊರಟೆ. ಹೆಂಡತಿ ಮುಖ ಊದಿಸಿದಳು. ಇಸ್ತ್ರಿ ಮಾಡಿದ ಅಂಗಿ ಬೇರೆ ಹಾಕಿಕೊಂಡಿದ್ದೆ.

ಹೊಂಡ ಖಾಲಿ ಇತ್ತು. ನಮಗಿಬ್ಬರಿಗೂ ಗೊತ್ತಿದ್ದ ಸಂಗತಿಯೇ, ನೀರು ಹೋಗಿತ್ತಲ್ಲ. ಎರಡು ಬೆಳ್ಳಕ್ಕಿ, ಒಂದು ಮಿಂಚುಳ್ಳಿ. ಖಾಲಿ ಹೊತ್ತಿನ ಎಣಿಕೆ ಮೊದಲು, ತುಂಬಿದ ಹೊತ್ತಿನದು ಆಮೇಲೆ ಇರಬೇಕು ಎಂದುಕೊಂಡೆ. ಅಕ್ಕೋರು ತೊಡೆಯ ಮೇಲೊಂದು ರಟ್ಟು ಇಟ್ಟು ಹಾಳೆ ತುಂಬಿಸಿದರು. ಹಾಳೆ ಮರಾಠಿಯಲ್ಲಿತ್ತು. ಅವರ ಅಕ್ಷರ ಎಂದಿನ ಹಾಗೆ ಮುದ್ರೆ ಒತ್ತಿದಂತಿತ್ತು. ಸಹಿಗೆ ನನ್ನ ಕೈಗೆ ಕೊಟ್ಟಾಗ ನಾನು ಬೆರಳಿಟ್ಟು ಓದಿದೆ. ಒಂದು ಕಡೆ ‘ಭರತಿ: ನಾಹಿ’ ಎಂದು ಬರೆದಿತ್ತು. ನಮ್ಮ ರಬಾಳೆಯ ಫ್ಯಾಕ್ಟರಿ ಗೇಟುಗಳ ಮೇಲೆ ‘ಭರತಿ ಚಾಲೂ’ ಎಂಬ ಫಲಕ ಇರುತ್ತದೆ, ಕೆಲಸಕ್ಕೆ ಜನ ತುಂಬಿಸಿಕೊಳ್ಳುತ್ತಿದ್ದಾರೆ ಎಂದು ಅರ್ಥ. ನಮ್ಮ ಕನ್ನಡದಲ್ಲೂ ಭರ್ತಿ ಎಂದರೆ ತುಂಬಿಸುವುದೇ. ಹಾಗಾದರೆ ಈ ಹಾಳೆ ಪೂರ್ತಿ ತುಂಬಿಲ್ಲ, ಇನ್ನೂ ಬರೆಯುವುದಿದೆ ಎಂದು ನಾನು ತಿಳಿದೆ.

“ಅಕ್ಕೋರೇ, ಇದು ಇನ್ನೂ ಭರ್ತಿ ಆಗ್ಲಿಲ್ಲ ಅಲ್ವಾ?” ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು. ನೋಡಿದ್ದು ನನಗೆ ಸರಿಯಾಗಿ ನೆನಪಿದೆ. “ಹೂಂ,” ಎಂದರು. “ಭರ್ತಿ ಇಲ್ಲ. ಸಹಿ ಮಾಡು.”

ಮಾಡಿದೆ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ, ಮತ್ತೆ ಹದಿನೈದು ದಿನಕ್ಕೆ ಮೂರನೆಯದು. ಮೂರೂ ಸಲ ಬೆಳಿಗ್ಗೆ ಏಳು, ಮೂರೂ ಸಲ ಹೊಂಡ ಖಾಲಿ, ಮೂರೂ ಹಾಳೆಯಲ್ಲಿ ಭರತಿ ನಾಹಿ. ತುಂಬಿದ ಹೊತ್ತಿನದು ಯಾವಾಗ ಎಂದು ನಾನು ಕೇಳಲಿಲ್ಲ. ಅಕ್ಕೋರು ಕರೆದಾಗ ಹೋದರಾಯಿತು ಎಂದಿದ್ದೆ. ಬೆಳ್ಳಗಿದ್ದದ್ದೆಲ್ಲ ಹಾಲು ಎಂದು ನಂಬುವ ಜಾತಿ ನನ್ನದು.

ಆಮೇಲೆ ಮಳೆಗಾಲ ಬಂತು. ಅಕ್ಕೋರು ಬರುವುದು ಕಡಿಮೆಯಾಯಿತು. ಮಂಡಿನೋವು ಎಂದರು. ದೀಪಾವಳಿ ಮುಗಿದ ಮೇಲೆ ಒಂದು ದಿನ ನಮ್ಮ ಹೋಟೆಲಿಗೆ ಚಹಾಕ್ಕೆ ಬರುವ, ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುವ ಹೆಂಗಸು ನನ್ನನ್ನು ಒಂದು ಸಭೆಗೆ ಎಳೆದುಕೊಂಡು ಹೋದಳು. ಮಾವಶಿ ಕೋಳಿಗಳವಳು. ಕೋಳಿ ಎಂದರೆ ಇಲ್ಲಿ ಮೀನು ಹಿಡಿಯುವ ಜಾತಿ, ನಮ್ಮ ಕೂಗುವ ಕೋಳಿಯಲ್ಲ. ಅವಳು ಹೊಂಡದಲ್ಲಿ ಏಡಿ ಹಿಡಿದು ಮಾರುತ್ತಿದ್ದಳು. ಹೊಂಡ ಮುಚ್ಚಿ ಗೋದಾಮು ಕಟ್ಟುತ್ತಾರಂತೆ, ಜನರ ಅಹವಾಲು ಕೇಳುವ ಸಭೆಯಂತೆ, ಅಣ್ಣಾ ನೀನೂ ಹಕ್ಕಿಗಳನ್ನು ನೋಡಿದವನಲ್ಲವೇ, ಬಂದು ಒಂದು ಮಾತು ಹೇಳು ಎಂದು ಅವಳ ಒತ್ತಾಯ. ನಾನು ಎದೆ ಸೆಟೆಸಿಕೊಂಡೇ ಹೋದೆ. ನನ್ನ ಮೂರು ಹಾಳೆ ಅಲ್ಲಿರುತ್ತದೆ, ತುಂಬಿದ ಹೊತ್ತಿನ ಎಣಿಕೆಯನ್ನು ಅಕ್ಕೋರು ಬೇರೆ ಯಾರೊಡನೆಯೋ ಮುಗಿಸಿರುತ್ತಾರೆ ಎಂಬ ಧೈರ್ಯ.

ಹಾಳೆಗಳು ಇದ್ದವು. ಮುಂದೆ ಕೂತಿದ್ದ ಸಾಹೇಬರು, ಪರಿಣತರ ಮೂರು ಸಮೀಕ್ಷೆಗಳಲ್ಲೂ ಈ ಜಾಗದಲ್ಲಿ ವಲಸೆ ಹಕ್ಕಿ ಕಂಡುಬಂದಿಲ್ಲ ಎಂದು ಓದಿದರು. ಜಮಖಾನೆಯ ಮೇಲೆ ಕೂತಿದ್ದ ಜನ ಗದ್ದಲ ಎಬ್ಬಿಸಿದರು. ಮಾವಶಿಯ ಮಗಳು ಕಾಲೇಜಿಗೆ ಹೋಗುವವಳು. ಅವಳು ಎದ್ದು ಹೋಗಿ ಆ ಕಾಗದಗಳ ಪ್ರತಿ ಇಸಿದುಕೊಂಡು ಬಂದು ತಾಯಿಗೆ ಓದಿ ಹೇಳಿದಳು. ಭರತಿ ನಾಹಿ ಎಂಬಲ್ಲಿಗೆ ಬಂದದ್ದೇ ಮಾವಶಿ ಕಾಗದ ಕಸಿದುಕೊಂಡಳು. ಅವಳಿಗೆ ಓದಲು ಬರುವುದಿಲ್ಲ, ಆದರೂ ಕಣ್ಣಿಟ್ಟು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಭರತಿ ನಾಹಿ ಮ್ಹಣಜೇ ಪಾಣಿ ನಾಹಿ, ಅಣ್ಣಾ. ಪಾಣಿ ನಾಹಿ ತರ ಪಕ್ಷಿ ಕುಠೂನ?”

ಭರತಿ ಎಂದರೆ ಖಾಡಿಯ ನೀರು ಏರುವುದು. ಇಲ್ಲಿನ ಮೀನುಗಾರರ ಮಕ್ಕಳು ತೊಟ್ಟಿಲಲ್ಲಿ ಕಲಿಯುವ ಮಾತು. ಭರತಿ ಇಲ್ಲ ಎಂದರೆ ನೀರು ಬಂದಿಲ್ಲ, ನೀರು ಬಾರದಿದ್ದರೆ ಹಕ್ಕಿ ಎಲ್ಲಿಂದ ಬರಬೇಕು? ಮಾವಶಿಯ ಮಗಳು ಕಾಗದದ ಅಡಿಯಲ್ಲಿದ್ದ ಸಹಿ ಯಾರದೆಂದು ಓದಿದಳು. ಎರಡು ಸಹಿ. ಒಂದು ಅಕ್ಕೋರದು, ಒಂದು ನನ್ನದು. ಜಮಖಾನೆಯ ಮೇಲಿದ್ದವರೆಲ್ಲ ನನ್ನನ್ನು ನೋಡಿದರು. ಅವರಲ್ಲಿ ಅರ್ಧ ಜನ ನನ್ನ ಹೋಟೆಲಿನಲ್ಲಿ ಚಹಾ ಕುಡಿಯುವವರು. ನನಗೆ ಗೊತ್ತಿರಲಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಹೊಂಡ ಖಾಲಿ ಇರುವ ಹೊತ್ತು ನನಗೆ ಗೊತ್ತಿತ್ತಲ್ಲ! ಏನನ್ನು ಗೊತ್ತಿರಲಿಲ್ಲ ಎನ್ನಲಿ? ಎದ್ದು ಬಂದೆ.

ಹೋಟೆಲಿಗೆ ಬಂದವನೇ ಗೋಡೆಯ ಪಂಚಾಂಗ ತೆಗೆದು ತಿರುವಿದೆ. ಮೊದಲ ಎಣಿಕೆ ಹುಣ್ಣಿಮೆ. ಎರಡನೆಯದು ಅಮಾವಾಸ್ಯೆ. ಮೂರನೆಯದು ಮತ್ತೆ ಹುಣ್ಣಿಮೆ. ಬೆಳಿಗ್ಗೆ ಏಳಕ್ಕೆ ಖಾಡಿಯ ತಳ ಕಾಣುವ ದಿನಗಳನ್ನೇ ಆರಿಸಿ ತೆಗೆದಿದ್ದರು. ಅದೇ ಮೂರು ದಿನ, ಅದೇ ಜಾಗದಲ್ಲಿ, ಮಧ್ಯಾಹ್ನದ ತನಕ ಕಾದಿದ್ದರೆ ಕಾಲಿಡಲು ತೆರಪಿಲ್ಲದಷ್ಟು ಹಕ್ಕಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮರುದಿನ ಡೊಂಬಿವಲಿಗೆ ಹೋದೆ. ಅವರು ಬಾಗಿಲು ತೆರೆದು, ನನ್ನ ಮುಖ ನೋಡಿ, ಏನೂ ಕೇಳದೆ ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಮೇಜಿನ ತುಂಬ ವಹಿಗಳು, ಅಷ್ಟೂ ವರ್ಷ ಅವರು ತೂಗಿ, ಅಳೆದು, ಊದಿ ನೋಡಿದ ಹಕ್ಕಿಗಳ ದಾಖಲೆ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟು, ಯಾಕೆ ಎಂದಷ್ಟೇ ಕೇಳಿದೆ.

ಸುಳ್ಳು ಬರೆದಿದ್ದೇನೇನು ಎಂದು ಅವರು ತಿರುಗಿ ಕೇಳಿದರು. ಇಲ್ಲ. ತಾರೀಖು ಸುಳ್ಳೇ, ಹೊತ್ತು ಸುಳ್ಳೇ, ಬೆಳ್ಳಕ್ಕಿ ಎರಡೇ ಇರಲಿಲ್ಲವೇ? ಇದ್ದವು. ನೀರಿಲ್ಲ ಎಂಬುದನ್ನೂ ಬರೆದಿಲ್ಲವೇ? ಬರೆದಿದ್ದರು. ಒಂದೇ ಒಂದು ಸುಳ್ಳು ಅಕ್ಷರ ಸಿಕ್ಕಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ಅವರಾಗಿಯೇ ಹೇಳಿದರು. ಆ ವಹಿಗಳನ್ನು ಅಚ್ಚು ಹಾಕಿಸಿ ಪುಸ್ತಕ ಮಾಡುವುದಾಗಿ ಆ ಸಮೀಕ್ಷೆಯ ಕಚೇರಿಯವರು ಒಪ್ಪಿದ್ದರು. ಎಷ್ಟು ವರ್ಷದಿಂದ ಎಷ್ಟು ಬಾಗಿಲು ತಟ್ಟಿದ್ದರೋ, ಯಾರೂ ಕೇಳಿರಲಿಲ್ಲ. ತಾವು ಸತ್ತ ಮೇಲೆ ಇದೆಲ್ಲ ರದ್ದಿಯವನ ಪಾಲು. ಹೊಂಡ ಹೇಗೂ ಹೋಗುವುದೇ, ಇಂದಲ್ಲ ನಾಳೆ. ವಹಿಯಾದರೂ ಉಳಿಯಲಿ.

“ದೂರ ಹೋಗೋದಿತ್ತಂದ್ರ ಹಕ್ಕಿ ತನ್ನ ಹೊಟ್ಟಿ ತಾನ ಕರಗಿಸಿಕೋತದ, ತಮ್ಮಾ,” ಎಂದರು. “ಏನರೆ ಬಿಡಲಾರ್ದ ಏನೂ ಮುಟ್ಟಂಗಿಲ್ಲ.”

“ಹಕ್ಕಿ ಕರಗಿಸುವುದು ತನ್ನ ಹೊಟ್ಟೆ, ಅಕ್ಕೋರೇ,” ಎಂದೆ. “ಬೇರೆಯವರದ್ದಲ್ಲ.”

ನಾನು ಕೇಳಲೇಬೇಕಾಗಿದ್ದ ಇನ್ನೊಂದು ಮಾತಿತ್ತು. ಅದನ್ನೂ ಕೇಳಿದೆ. ಭರತಿ ಎಂಬುದನ್ನು ನಾನು ಭರ್ತಿ ಎಂದು ತಪ್ಪು ತಿಳಿದದ್ದು ಆ ದಿನ ನಿಮಗೆ ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು ಎಂದರು.

ಬೋರ್ಡಿನ ಮೇಲಿನ ಒಂದು ಓತ್ವದ ದೀರ್ಘಕ್ಕೆ ಕುರ್ಚಿ ಹತ್ತಿದವರು, ಪಾನಿ ಪಾಣಿಗೆ ನನ್ನ ಪ್ರಾಣ ತಿಂದವರು, ನನ್ನ ಬಾಯಿಂದ ಬಂದ ಒಂದು ತಪ್ಪನ್ನೂ ಯಾವತ್ತೂ ಬಿಡದವರು, ಆ ಒಂದು ದಿನ, ಆ ಒಂದು ತಪ್ಪನ್ನು ಹಾಗೇ ಬಿಟ್ಟರು. ಬಿಟ್ಟರು ಮಾತ್ರವಲ್ಲ, ನನ್ನ ತಪ್ಪಿನ ಮಾತನ್ನೇ ಎತ್ತಿಕೊಂಡು ಅದರಲ್ಲೇ ಉತ್ತರ ಕೊಟ್ಟರು. ಹೊಂಡದ ವಿಷಯದಲ್ಲಿ ಅವರು ಸಾವಿರ ಕಾರಣ ಹೇಳಲಿ, ನಾನು ಅರ್ಧಕ್ಕಾದರೂ ತಲೆಯಾಡಿಸಿಯೇನು. ಇದಕ್ಕೆ ಅವರಲ್ಲಿ ಕಾರಣ ಇರಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನನ್ನ ಕೈಯಿಂದ ಸಹಿ ತೆಗೆದಿದ್ದರು. ಕೂರು, ಕಾಫಿ ಮಾಡ್ತೀನಿ ಎಂದು ಎದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ. ಯಾರ ಮನೆಯ ಕಾಫಿಯನ್ನೂ ನಾನು ಹಾಗೆ ಬಿಟ್ಟು ಬಂದವನಲ್ಲ.

ಮುಂದಿನ ಮಳೆಗಾಲಕ್ಕೆ ಮೊದಲು ಹೊಂಡಕ್ಕೆ ಮಣ್ಣು ಬಿತ್ತು. ಎರಡು ವಾರ ಡಂಪರುಗಳು ನಮ್ಮ ಹೋಟೆಲಿನ ಎದುರಿನಿಂದಲೇ ಹೋದವು. ಡ್ರೈವರುಗಳು ನಿಲ್ಲಿಸಿ ನನ್ನಲ್ಲೇ ವಡಾ ತಿಂದರು. ಮಾವಶಿ ಈಗ ತುರ್ಭೆಯ ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ದಾರಿಯಲ್ಲಿ ಸಿಕ್ಕರೆ ಮಾತಾಡುತ್ತಾಳೆ, ಚಹಾಕ್ಕೆ ಮಾತ್ರ ಬರುವುದಿಲ್ಲ.

ಪುಸ್ತಕ ಬಂತು. ಅದರಲ್ಲಿ ಅವರಿಗೆ ಮೋಸವಾಗಲಿಲ್ಲ. ಇಂಗ್ಲಿಷಿನಲ್ಲಿದೆ, ನನಗೆ ಓದಲು ಬಾರದು, ಅಂಚೆಯಲ್ಲಿ ಒಂದು ಪ್ರತಿ ಬಂದಿತ್ತು. ಪುಟ ತಿರುವಿದರೆ ಸಾಲು ಸಾಲು ತೂಕಗಳು, ರೆಕ್ಕೆಯ ಅಳತೆಗಳು. ಅವುಗಳಲ್ಲಿ ಕೆಲವು ನಾನು ಅಳತೆಪಟ್ಟಿ ಹಿಡಿದು ಕೂಗಿ ಹೇಳಿದವು, ಅವರು ಬರೆದುಕೊಂಡವು. ಒಳ್ಳೆಯ ಪುಸ್ತಕವೇ ಇರಬೇಕು, ಅವರ ಕೆಲಸ ಕೆಟ್ಟದ್ದಿರಲು ಸಾಧ್ಯವಿಲ್ಲ. ಒಳಗಿನ ಹಾಳೆಯಲ್ಲಿ ಕನ್ನಡದಲ್ಲಿ ‘ತಮ್ಮನಿಗೆ’ ಎಂದು ಬರೆದು ಸಹಿ ಮಾಡಿದ್ದರು. ಕ್ಷಮಿಸು ಎಂದು ಎಲ್ಲಾದರೂ ಇದೆಯೇ ಎಂದು ಕೊನೆಯ ರಟ್ಟಿನ ತನಕ ಹುಡುಕಿದೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರ ತಂಗಿಯ ಮಗಳು ಕಲ್ಯಾಣದಿಂದ ಫೋನು ಮಾಡಿ, “ಅಂಕಲ್, ಮೌಸಿ ಗುಜರ್ ಗಯೀ” ಎಂದಳು. ಅಕ್ಕೋರು ತೀರಿಕೊಂಡಿದ್ದರು. ಹನ್ನೊಂದಕ್ಕೆ ಎತ್ತುತ್ತಾರೆ ಎಂದಳು. ನಾನು ಹೋಗಲಿಲ್ಲ. ದೋಸೆಯ ವಿಜಯಪುರದವ ಕೆಲಸ ಬಿಟ್ಟು ಹೋಗಿ ಬಂದ, ಬಂದು ಸ್ನಾನ ಮಾಡಿ ಮತ್ತೆ ದೋಸೆಕಾವಲಿಯ ಮುಂದೆ ನಿಂತ. ನನ್ನೊಡನೆ ಎರಡು ದಿನ ಮಾತು ಬಿಟ್ಟಿದ್ದ. ಹೋಗಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ತಾಯಿಯಂಥ ಒಬ್ಬರ ಹೆಣ ನೋಡಬೇಕು ಎನ್ನಿಸದ ಹಾಗೆ ಒಬ್ಬ ಮನುಷ್ಯನನ್ನು ಮಾಡಿಟ್ಟು ಹೋಗುವುದು ಸಣ್ಣ ಅನ್ಯಾಯವಲ್ಲ.

ಈ ವರ್ಷ ಮಾರ್ಚಿನ ಹುಣ್ಣಿಮೆಗೆ, ಮಧ್ಯಾಹ್ನ ಹನ್ನೆರಡೂವರೆಗೆ, ಕಾಲು ತಾನಾಗಿ ಆ ಕಡೆ ಎಳೆಯಿತು. ಗೋದಾಮಿನ ಎದುರಿನ ಹೊಸ ರಸ್ತೆಯಲ್ಲಿ ಊಟಕ್ಕೆ ಹೊರಬಂದ ಆಫೀಸಿನ ಹುಡುಗ ಹುಡುಗಿಯರು ಮೊಬೈಲು ಎತ್ತಿ ಹಿಡಿದು ನಿಂತಿದ್ದರು. ಖಾಡಿ ತುಂಬಿತ್ತು. ಗೋದಾಮಿನ ತಗಡಿನ ಮಾಡಿನ ಮೇಲೆ ಹಕ್ಕಿಗಳ ಹಿಂಡು ಸುತ್ತುತ್ತಿತ್ತು. ಒಮ್ಮೆ ಎಲ್ಲವೂ ಹೊಟ್ಟೆ ತಿರುವಿ ಬೆಳ್ಳಗೆ ಹೊಳೆಯುತ್ತವೆ, ಮರುಕ್ಷಣ ಬೆನ್ನು ತಿರುವಿ ಮಾಯವಾಗುತ್ತವೆ, ಮತ್ತೆ ಹೊಳೆಯುತ್ತವೆ. ತಗಡಿನ ಹತ್ತಿರಕ್ಕೆ ಇಳಿದು ಬಂದು, ಕೂರಲಾಗದೆ, ಮತ್ತೆ ಮೇಲೇಳುತ್ತಿದ್ದವು. ತಿಂಗಳಿಡೀ ಕೆಸರು ಕುಟ್ಟಿ ತೊಗಲಿನ ಕೆಳಗೆ ಕೂಡಿಟ್ಟದ್ದು ಪ್ರತಿ ಸುತ್ತಿಗೂ ಇಷ್ಟಿಷ್ಟೇ ಉರಿಯುತ್ತಿತ್ತು. ಎಷ್ಟು ಉರಿದರೆ ಸೈಬೀರಿಯ ಇನ್ನೂ ಎಷ್ಟು ದೂರ ಇರುವಾಗಲೇ ನೆಲಕ್ಕೆ ಬೀಳುತ್ತವೆ ಎಂದು ನಿಂತಲ್ಲೇ ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಪಕ್ಕದಲ್ಲಿದ್ದ ಹುಡುಗಿ, ಎಷ್ಟು ಚಂದ ಅಲ್ವಾ ಅಂಕಲ್ ಎಂದು ಮರಾಠಿಯಲ್ಲಿ ಕೇಳಿದಳು. ಅವಳ ಕಣ್ಣಿನಲ್ಲಿ ನಿಜವಾದ ಸಂತೋಷ ಇತ್ತು. ಹೌದು ಮಗಾ ಎಂದೆ.

ನೀರು ಇಳಿಯುವ ತನಕ ಅಲ್ಲೇ ನಿಂತಿದ್ದೆ. ಅವು ಒಂದು ಸಲವೂ ಕೂರಲಿಲ್ಲ. ಏನೂ ಕಲಿಸದೆ ಬರೀ ಮೋಸವನ್ನಷ್ಟೇ ಮಾಡಿ ಹೋಗಿದ್ದರೆ, ಅಕ್ಕೋರನ್ನು ನಾನು ಯಾವತ್ತೋ ಕ್ಷಮಿಸಿಬಿಡುತ್ತಿದ್ದೆ.